ಕೂಗುವವರು ಮೇಲೆ ನೋಡಬಾರದು

ಸಾಗರ
19 ಫೆಬ್ರವರಿ 2024

ಮಾನ್ಯ ಹರಿಹರ ಅವರಿಗೆ,

ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕಳಿಸಿದ್ದೇನೆ. ವಿಮಾನದ ಎತ್ತರ ತೋರಿಸುವ ಟ್ಯಾಬ್, ಮೊದಲ ವರ್ಷ ನೀವು ಕೊಟ್ಟಿದ್ದ ಬಿಸಿಲ ಟೋಪಿ ಅದರಲ್ಲಿವೆ. ಈ ಕಾಗದವೂ ಜೊತೆಗೇ ಬರುತ್ತದೆ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ನಿಮ್ಮ ಮನೆಗೆ ಫೋನ್ ಮಾಡಿದಾಗಲೆಲ್ಲ ಮೀನಾಕ್ಷಮ್ಮನವರೇ ಎತ್ತಿಕೊಂಡು, "ಅವ್ರು ಕೆಲ್ಸದಲ್ಲಿದಾರೆ, ಏನು ಅಂತ ನಂಗೆ ಹೇಳಿ, ನಾನ್ ಹೇಳ್ತೀನಿ" ಎನ್ನುತ್ತಾರೆ. ಇದನ್ನು ಇನ್ನೊಬ್ಬರ ಬಾಯಿಂದ ಹೇಳಿಸಲು ಮನಸ್ಸಾಗಲಿಲ್ಲ. ನಾನು ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಓದಿದವಳು. ಕನ್ನಡದಲ್ಲಿ ಕಡೆಯ ಸಲ ಕಾಗದ ಬರೆದದ್ದು ಅಜ್ಜಿಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮುಂದಿನ ವರ್ಷದ ಗ್ಲೈಡರ್ ಓಟಕ್ಕೆ ನಾನು ಬರುವುದಿಲ್ಲ. ಕ್ಲಿನಿಕ್ಕಿನಲ್ಲಿ ಕೆಲಸ ಹೆಚ್ಚಾಗಿದೆ. ಹೇರಂಬ ಎಂದಿನಂತೆ ಪಿಕಪ್ ತಂದು ಓಡಿಸುತ್ತಾನೆ. ಗಂಡ ಬರುತ್ತಾನೆ, ಹೆಂಡತಿ ಬರುವುದಿಲ್ಲ ಎಂದು ನಮ್ಮ ಹಾರಾಟದ ಬಳಗದವರು ತಮಾಷೆ ಮಾಡಬಹುದು. ಮಾಡಲಿ.

ಈ ಮೂರು ವರ್ಷಗಳಿಗೆ ನಾನು ನಿಮಗೆ ಋಣಿ. ದಿನವಿಡೀ ದೀಪ ಹಿಡಿದು ಬೇರೆಯವರ ಬಾಯಿಯೊಳಗೆ ನೋಡುವವಳನ್ನು ನೀವು ವರ್ಷಕ್ಕೆ ಕೆಲವು ಭಾನುವಾರಗಳಾದರೂ ಬಯಲಿಗೆ ತಂದಿರಿ. ಪಿಕಪ್ ಕೇಳಲು ನಮ್ಮ ಮನೆಗೆ ಬಂದ ದಿನ ಈ ಆಟವನ್ನು ವಿವರಿಸಿದ್ದು ನೆನಪಿದೆ. "ಗ್ಲೈಡರಿಗೆ ಎಂಜಿನ್ ಇಲ್ಲ ಡಾಕ್ಟ್ರೇ. ವಿಂಚ್ ಅನ್ನೋ ಯಂತ್ರ ಹಗ್ಗದಿಂದ ಮೇಲಕ್ಕೆ ಎಳೆದು ಬಿಡುತ್ತೆ, ಆಮೇಲೆ ಅದಕ್ಕೆ ಗಾಳಿನೇ ಗತಿ. ಬಿಸಿಗಾಳಿ ಏಳೋ ಕಡೆ ಸುತ್ತಿ ಸುತ್ತಿ ಹತ್ತಬೇಕು, ಮುಂದಕ್ಕೆ ಜಾರಬೇಕು, ಮತ್ತೆ ಹತ್ತಬೇಕು. ನಾನು ರಿಮೋಟ್ ಹಿಡ್ಕಂಡು ಪಿಕಪ್ಪಿನ ಹಿಂಭಾಗದಲ್ಲಿ ನಿಂತಿರ್ತೀನಿ. ಪಿಕಪ್ಪು ಅದರ ಕೆಳಗೇ ರಸ್ತೆಯಲ್ಲಿ ಓಡಬೇಕು. ನಂಗೆ ಆಕಾಶ ಬಿಟ್ರೆ ಬೇರೇನೂ ಕಾಣ್ಸಲ್ಲ. ತಂತಿ, ಮರ, ತಿರುವು, ಎತ್ತರ, ಎಲ್ಲ ನೀವು ನನ್ನ ಹಿಂದೆ ಕೂತು ಕೂಗಿ ಹೇಳ್ಬೇಕು." ಆಮೇಲೆ ಒಂದು ನಿಯಮ ಹೇಳಿದಿರಿ. "ಕೂಗೋರು ಮಾತ್ರ ಮೇಲೆ ನೋಡ್ಬಾರ್ದು. ಒಂದ್ಸಲ ನೋಡಿದ್ರೆ ಕಣ್ಣು ವಾಪಸ್ ಬರಲ್ಲ."

ನಾನು ನೋಡಲಿಲ್ಲ. ಮೂರು ವರ್ಷದಲ್ಲಿ ನಿಮ್ಮ ಗ್ಲೈಡರ್ 'ಗರಿ' ಹಾರುವುದನ್ನು ಒಮ್ಮೆಯೂ ಸರಿಯಾಗಿ ನೋಡಿಲ್ಲ. ಇದು ದೂರಲ್ಲ.

ನಿನ್ನೆಯ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ರಿಪ್ಪನ್‌ಪೇಟೆ ದಾಟಿ ಹೊಸನಗರದ ಕಡೆ ಹೋಗುವಾಗ, ಎತ್ತರ ಇಳಿಯುತ್ತಿದೆ, ಎಡಕ್ಕೆ ಖಾಲಿ ಗದ್ದೆ ಇದೆ, ಇಳಿಸಿ ಎಂದು ಕೂಗಿದೆ. ಮತ್ತೆ ಮತ್ತೆ ಕೂಗಿದೆ. ಕೂಗಿಗೆ ಮರುಕೂಗು ಬರಬೇಕು ಎನ್ನುವುದು ಬಳಗದ ಮೊದಲ ನಿಯಮ. ನಿಮ್ಮಿಂದ ಬರಲಿಲ್ಲ. ಗರಿ ಅಕೇಶಿಯಾ ನೆಡುತೋಪಿನ ಮೇಲೆ ಬಿತ್ತು. ರೆಕ್ಕೆಯ ತುದಿ ಮಾತ್ರ ಮುರಿದದ್ದು ಪುಣ್ಯ.

ಮೀನಾಕ್ಷಮ್ಮನವರಿಗೆ ನನ್ನ ನಮಸ್ಕಾರ.

ವಂದನಾ

---

ತೀರ್ಥಹಳ್ಳಿ
11 ಮಾರ್ಚ್ 2024

ಡಾಕ್ಟರ್ ವಂದನಾ ಅವರಿಗೆ,

ಪೆಟ್ಟಿಗೆ ಬಂದು ಮುಟ್ಟಿತು. ಕಂಡಕ್ಟರ್ ಅದನ್ನು ಕೋಳಿಮರಿಯ ಪೆಟ್ಟಿಗೆ ಎಂದುಕೊಂಡು ಕಿಟಕಿಯ ಪಕ್ಕ ಗಾಳಿಯಾಡುವ ಹಾಗೆ ಇಟ್ಟು ತಂದಿದ್ದಾನೆ. ಒಳ್ಳೆಯ ಮನುಷ್ಯ.

ರೆಕ್ಕೆಗೆ ಹೊಸ ತುದಿ ಕೂರಿಸಿದ್ದೇನೆ. ಅಂಟು ಒಣಗುತ್ತಿದೆ.

ನಿಮ್ಮ ತೀರ್ಮಾನ ಸರಿಯಾಗಿಯೇ ಇದೆ. ಗೊತ್ತಾದ ಮೇಲೆ ಯಾರಾದರೂ ಅದನ್ನೇ ಮಾಡುತ್ತಾರೆ. ನೀವು ಅದನ್ನು ಬಳಗದವರ ಎದುರಿಗೆ ಎತ್ತಲಿಲ್ಲ, ಕ್ಲಿನಿಕ್ಕಿನ ಕೆಲಸ ಎಂದು ಬರೆದಿರಿ. ಆ ದೊಡ್ಡತನಕ್ಕೆ ನಾನು ಕೃತಜ್ಞ.

ಟೋಪಿ ನಿಮಗೆ ಕೊಟ್ಟದ್ದು. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಇದೇ ಕಂಡಕ್ಟರ್ ಕೈಲಿ ಕಳಿಸಿದ್ದೇನೆ.

ಹರಿಹರ

---

ಸಾಗರ
22 ಏಪ್ರಿಲ್ 2024

ಹರಿಹರ ಅವರಿಗೆ,

ನಿಮ್ಮ ಕಾಗದವನ್ನು ಹಲವು ಸಲ ಓದಿದೆ. "ಗೊತ್ತಾದ ಮೇಲೆ" ಎಂದು ಬರೆದಿದ್ದೀರಿ. ನನಗೆ ಏನು ಗೊತ್ತಾಗಿದೆ ಎಂದು ನನಗೇ ಗೊತ್ತಿಲ್ಲ. ನಾನು ಊಹಿಸಿದ್ದನ್ನೇ ನೀವು ಒಪ್ಪಿಕೊಂಡಿರೇನೋ ಅನಿಸಿತು. ಹಾಗಾಗಿ ನೇರವಾಗಿ ಬರೆಯುತ್ತೇನೆ.

ಕ್ಲಿನಿಕ್ಕಿನ ಕೆಲಸ ಎಂದದ್ದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ನನ್ನ ಕೂಗನ್ನು ನೀವು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿಲ್ಲ ಎಂದು ನನಗೆ ಕಳೆದ ವರ್ಷದಿಂದಲೇ ಅನಿಸುತ್ತಿತ್ತು. ಎಡಕ್ಕೆ ಎಂದರೆ ಕೆಲವೊಮ್ಮೆ ಎಡಕ್ಕೆ, ಕೆಲವೊಮ್ಮೆ ಮೌನ. ಒಂದೂ ವಿಮಾನ ಹಾರಿಸದ, ಹಲ್ಲು ಕೀಳುವ ಹೆಂಗಸು ಗಾಳಿಯ ಬಗ್ಗೆ ಏನು ಹೇಳಿಯಾಳು ಎಂದು ನಿಮಗೆ ಅನಿಸಿರಬಹುದು. ಅನಿಸಿದ್ದರೆ ಅದು ಪೂರ್ತಿ ಅನ್ಯಾಯವೆಂದೂ ನಾನು ಹೇಳಲಾರೆ. ನಾನು ಆ ಪಿಕಪ್ಪಿನಲ್ಲಿ ಬೇಕಾಗಿದ್ದವಳೋ, ಸುಮ್ಮನೆ ಕೂತು ಬಂದವಳೋ? ಈ ಪ್ರಶ್ನೆಯನ್ನು ಹೇರಂಬನ ಮುಂದಿಟ್ಟರೆ ಅವನು, "ಎಂಗೆ ಗೊತ್ತಿಲ್ಲೆ ಮಾರಾಯ್ತಿ. ಎಮ್ಮೆ ಅಡ್ಡ ಬಂದಾಗ ನೀ ಕೂಗಿದ್ದಕ್ಕೆ ಎಮ್ಮೆ ಅಂತೂ ಬದುಕಿದ್ದು" ಎಂದ.

ಇನ್ನೊಂದು ವಿಷಯ. ಹೋದ ವಾರ ತೀರ್ಥಹಳ್ಳಿಗೆ ಮದುವೆಗೆ ಬಂದಿದ್ದೆ. ಸಿಟ್ಟನ್ನು ಮನಸ್ಸಲ್ಲಿಟ್ಟುಕೊಂಡು ತಿರುಗುವುದು ನನಗೆ ಆಗುವುದಿಲ್ಲ. ಒಂದು ಬಾಟಲಿ ಜೋನಿಬೆಲ್ಲ ಹಿಡಿದುಕೊಂಡು ನಿಮ್ಮ ಅಕ್ಕಿ ಗಿರಣಿಗೆ ಬಂದೆ. ನೀವು ಬಾಗಿಲಿಗೆ ಬೆನ್ನು ಹಾಕಿ ರೆಕ್ಕೆಗೆ ಉಪ್ಪುಕಾಗದ ಉಜ್ಜುತ್ತಿದ್ದಿರಿ. ಗಿರಣಿ ಓಡುತ್ತಿರಲಿಲ್ಲ. ಹರಿಹರ ಅವರೇ ಎಂದೆ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಎಂದೆ. ನಿಮ್ಮ ಕೈ ನಿಲ್ಲಲಿಲ್ಲ. ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಬಂದುಬಿಟ್ಟೆ.

ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಮಲಗಿದವರು ನನ್ನ ಮಾತಿಗೆ ಉತ್ತರ ಕೊಡುವುದಿಲ್ಲ, ಅದು ನನಗೆ ಅಭ್ಯಾಸ. ಆದರೆ ಅವರ ಕಣ್ಣಾದರೂ ನನ್ನ ಕಡೆ ಇರುತ್ತದೆ.

ಕಟುವಾಗಿ ಬರೆದಿದ್ದರೆ ಕ್ಷಮಿಸಿ. ಟೋಪಿ ತಲುಪಿತು. ಹಾಕಿಕೊಳ್ಳುತ್ತಿದ್ದೇನೆ.

ವಂದನಾ

---

ತೀರ್ಥಹಳ್ಳಿ
2 ಸೆಪ್ಟೆಂಬರ್ 2024

ಡಾಕ್ಟ್ರಮ್ಮನವರಿಗೆ,

ನಿಮ್ಮ ಕಾಗದ ಬಂದು ಒಂದು ಮಳೆಗಾಲ ಕಳೆಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಬಿಟ್ಟು ಉಪ್ಪುಕಾಗದ ಹಿಡಿದೆ. ಗರಿಯ ರೆಕ್ಕೆ ಈಗ ಕನ್ನಡಿಯ ಹಾಗಿದೆ. ಇನ್ನೂ ಉಜ್ಜಿದರೆ ತೂತಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನಗೆ ಕಿವಿ ಕೇಳಿಸುವುದಿಲ್ಲ.

ನಿಮಗೆ ಅದು ಗೊತ್ತಾಗಿದೆ, ಅದಕ್ಕೇ ಬಿಟ್ಟಿರಿ ಎಂದು ನಾನು ತಿಳಿದಿದ್ದೆ. ಕಿವುಡನ ಹಿಂದೆ ಕೂತು ಕೂಗಿ ಕೂಗಿ ಯಾರಿಗೆ ಬೇಕು ಎಂದುಕೊಂಡಿರಿ, ಆದರೂ ಮರ್ಯಾದೆಗೆ ಕ್ಲಿನಿಕ್ಕು ಎಂದಿರಿ ಅಂತ. ನಿಮ್ಮ ಎರಡನೆಯ ಕಾಗದ ನೋಡಿದಾಗ ನನ್ನ ತಪ್ಪು ತಿಳಿಯಿತು. ಇಷ್ಟು ದಿನ ನೀವು ಬೇರೆಯದನ್ನೇ ಹೊತ್ತುಕೊಂಡು ತಿರುಗಿದ್ದೀರಿ.

ಗಿರಣಿಯ ಸದ್ದಿನಲ್ಲಿ ನಿಂತು ವಯಸ್ಸು ಕಳೆದವನು ನಾನು. ಎಡಗಿವಿ ಮೊದಲು ಹೋಯಿತು. ಬಲಗಿವಿ ಆಮೇಲೆ, ಸ್ವಲ್ಪ ಸ್ವಲ್ಪವಾಗಿ, ಸಾಲ ಕೊಟ್ಟವನು ಪಾತ್ರೆ ಒಂದೊಂದೇ ಹೊರುವ ಹಾಗೆ. ತೆಳು ಸದ್ದುಗಳು ಮುಂಚೆ ಹೋದವು. ಗರಿಯನ್ನು ಬಿಸಿಗಾಳಿ ಎತ್ತಿದಾಗ ರಿಮೋಟಿನಲ್ಲಿ ಕಿರ್ ಕಿರ್ ಅನ್ನುವ ಬೀಪ್ ಇದೆಯಲ್ಲ, ಅದನ್ನು ಕೇಳಿ ಎರಡು ವರ್ಷವಾಯಿತು. ರೆಕ್ಕೆ ಯಾವ ಕಡೆ ಮೇಲೆದ್ದಿತು ಎಂದು ನೋಡಿಯೇ ಹಾರಿಸುತ್ತಿದ್ದೆ. ಕಿವಿಯ ಮಷೀನು ಮನೆಯೊಳಗೆ ಪರವಾಗಿಲ್ಲ, ಓಡುವ ಪಿಕಪ್ಪಿನ ಗಾಳಿಗೆ ಅದು ಹುಲಿಯ ಹಾಗೆ ಅರಚುತ್ತದೆ. ಓಟದ ದಿನ ತೆಗೆದು ಕಿಸೆಯಲ್ಲಿಡುತ್ತಿದ್ದೆ. ನಿಮ್ಮ ದನಿ ಗಾಳಿಯ ದಿಕ್ಕಿದ್ದರೆ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಎಡಕ್ಕೆ ಅಂದರೆ ಕೆಲವೊಮ್ಮೆ ಎಡಕ್ಕೆ, ಕೆಲವೊಮ್ಮೆ ಮೌನ ಎಂದು ಬರೆದಿದ್ದೀರಿ. ಬಂದ ಕೂಗಿಗೆಲ್ಲ ನೀವು ಹೇಳಿದಂತೆಯೇ ಮಾಡಿದ್ದೇನೆ. ಬರದೆ ಇದ್ದದ್ದಕ್ಕೆ ಏನು ಮಾಡಲಿ?

ನಿಮ್ಮ ಕೂಗು ಬೇಕಿತ್ತೋ ಇಲ್ಲವೋ ಎಂದು ಕೇಳಿದಿರಿ. ಒಂದು ಕೂಗೂ ಕೇಳಿಸದೆ ಹೋದ ಒಂದೇ ಒಂದು ದಿನ ಗರಿ ಮರಕ್ಕೆ ಬಿತ್ತು. ಇದಕ್ಕಿಂತ ಬೇರೆ ಉತ್ತರ ನನ್ನ ಬಳಿ ಇಲ್ಲ.

ಮನೆಯಲ್ಲಿ ಮೀನಾಕ್ಷಿಗೆ, ಈಗ ಗಿರಣಿ ನೋಡಿಕೊಳ್ಳುವ ಮಗಳು ಹರಿಪ್ರಿಯಾಗೆ ಗೊತ್ತು. ಬಳಗದಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಮುಗಿಯಿತು. ಮರುಕೂಗು ಕೊಡಲಾಗದ ಪೈಲಟ್ ಹಾರಿಸುವ ಹಾಗಿಲ್ಲ. ಆ ನಿಯಮ ಬರೆದವನೇ ನಾನು, ಅದು ಸರಿಯಾದ ನಿಯಮ. ಆದ್ದರಿಂದ ಗರಿಯನ್ನು ಪುಣೆಯ ತಂಡಕ್ಕೆ ಕೊಡುವುದೆಂದು ಮಾತಾಡಿದ್ದೇನೆ. ಅವರಲ್ಲಿ ಒಬ್ಬ ಹುಡುಗಿಯ ಬೆರಳು ಚೆನ್ನಾಗಿದೆ. ಜನವರಿಯಲ್ಲಿ ಬಂದು ಒಯ್ಯುತ್ತಾರೆ. ಕಿವಿ ಹೋದದ್ದನ್ನು ಯಾರಿಗೂ ಹೇಳದೆ ವಯಸ್ಸಾಯಿತು ಎಂದು ಹೇಳಿ ಬಿಡುವುದು ಮರ್ಯಾದೆ. ನೀವೂ ಹೇಳಬೇಡಿ.

ತಕ್ಕಡಿಯ ಮೇಲೆ ಜೋನಿಬೆಲ್ಲ ಇಟ್ಟವರು ಯಾರು ಎಂದು ಮೀನಾಕ್ಷಿ ಕೇರಿಯೆಲ್ಲ ಕೇಳಿದ್ದಳು. ಕೊನೆಗೆ ಗುರುಗಳ ಪ್ರಸಾದ ಎಂದು ತೀರ್ಮಾನಿಸಿ ದಿನಾ ದೋಸೆಗೆ ಹಚ್ಚಿ ಮುಗಿಸಿದೆವು.

ಹರಿಹರ

---

ಸಾಗರ
6 ಸೆಪ್ಟೆಂಬರ್ 2024

ಹರಿಹರ ಅವರೇ,

ಕಾಗದ ನಿನ್ನೆ ಬಂತು. ಕ್ಲಿನಿಕ್ಕಿನಲ್ಲೇ ಓದಿದೆ. ಒಬ್ಬರಿಗೆ ಮರಗಟ್ಟುವ ಸೂಜಿ ಕೊಟ್ಟು ಕಾಯುತ್ತಿದ್ದೆ. ಓದಿ ಮುಗಿಸುವಷ್ಟರಲ್ಲಿ ಅವರ ದವಡೆಯ ಜೊತೆ ನನ್ನ ಮುಖವೂ ಮರಗಟ್ಟಿತ್ತು.

ಮೊದಲು ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಒಬ್ಬರಿಗೆ ಕಿವಿ ಕೇಳಿಸದು ಎಂದು ತಿಳಿದು ಸಂತೋಷಪಡುವವಳು ಎಂಥವಳು? ಆದರೆ ನನ್ನ ಮಾತನ್ನು ನೀವು ತಳ್ಳಿಹಾಕಿರಲಿಲ್ಲ ಎನ್ನುವುದು ಮೊದಲು ಮನಸ್ಸಿಗೆ ಬಂತು, ನಿಮ್ಮ ಕಷ್ಟ ಆಮೇಲೆ. ಬಂದ ಕ್ರಮ ಅದು. ಇದ್ದ ಹಾಗೆ ಹೇಳುತ್ತಿದ್ದೇನೆ. ಹೇಳಿದ್ದಕ್ಕೆ, ಅದೂ ಯಾರಿಗೂ ಹೇಳದ್ದನ್ನು ನನಗೆ ಹೇಳಿದ್ದಕ್ಕೆ, ನಾನು ಹೇಗೆ ಕೃತಜ್ಞತೆ ತೋರಿಸಬೇಕೆಂದು ತಿಳಿಯುತ್ತಿಲ್ಲ.

ನಾನು ಯಾರಿಗೂ ಹೇಳುವುದಿಲ್ಲ. ಹೇರಂಬನಿಗೂ ಹೇಳಿಲ್ಲ.

ಒಂದು ಪ್ರಶ್ನೆ ಮಾತ್ರ. ನೀವು ಬಾಗಿಲಿಗೆ ಬೆನ್ನು ಹಾಕಿ ಕೆಲಸ ಮಾಡುತ್ತಿರುವಾಗ ಊಟಕ್ಕೆ ಮೀನಾಕ್ಷಮ್ಮನವರು ನಿಮ್ಮನ್ನು ಹೇಗೆ ಕರೆಯುತ್ತಾರೆ? ಮನೆ ಒಂದು ಕಡೆ, ಗಿರಣಿ ಒಂದು ಕಡೆ ಇದೆಯಲ್ಲ.

ವಂದನಾ

---

ತೀರ್ಥಹಳ್ಳಿ
14 ಅಕ್ಟೋಬರ್ 2024

ಡಾಕ್ಟ್ರಮ್ಮ,

ಇಷ್ಟೆಲ್ಲ ಬರೆದುಕೊಂಡ ಮೇಲೆ ನೀವು ಕೇಳಿದ್ದು ಊಟದ ವಿಷಯ. ಹೇಳುತ್ತೇನೆ.

ಗದ್ದೆಗೆ ಮಂಗ ಬಂದರೆ ಓಡಿಸಲು ಮನೆಯಿಂದ ಗದ್ದೆಯವರೆಗೆ ಹಗ್ಗ ಕಟ್ಟಿ, ತುದಿಗೆ ಡಬ್ಬ ನೇತುಹಾಕುತ್ತಾರಲ್ಲ. ಜಗಲಿಯಲ್ಲಿ ಕೂತು ಎಳೆದರೆ ಅಲ್ಲಿ ಡಬ್ಬ ಬಡಿದುಕೊಳ್ಳುತ್ತದೆ. ಮೀನಾಕ್ಷಿ ಆ ಹಗ್ಗ ಬಿಚ್ಚಿ ತಂದು ಅಡುಗೆಮನೆ ಕಿಟಕಿಯಿಂದ ಗಿರಣಿಗೆ ಎಳೆದಳು. ಡಬ್ಬ ನನಗೆ ಕೇಳಿಸದು ಎಂದು ತುದಿಯನ್ನು ನಾನು ಕೂರುವ ಸ್ಟೂಲಿಗೇ ಕಟ್ಟಿದಳು. ಈಗ ಊಟಕ್ಕೆ ಹೊತ್ತಾದರೆ ಸ್ಟೂಲು ಅಲುಗುತ್ತದೆ. ಸಿಟ್ಟು ಬಂದಿದ್ದರೆ ಜೋರಾಗಿ ಅಲುಗುತ್ತದೆ. ಕಾಫಿಗಾದರೆ ಮೆಲ್ಲಗೆ. "ಮಂಗನ್ನ ಓಡ್ಸೋ ಹಗ್ಗಾನ ಮಂಗಂಗೇ ಕಟ್ಟಿದೀನಿ, ಈಗ ಹೇಳಿದ್ ಮಾತು ಕೇಳುತ್ತೆ" ಎಂದು ಬಂದವರಿಗೆಲ್ಲ ತೋರಿಸುತ್ತಾಳೆ. ಬಂದವರಿಗೆ ಅದು ಗಂಡಹೆಂಡತಿ ತಮಾಷೆ. ಒಳ್ಳೆಯದೇ ಆಯಿತು.

ನೀವು ಬರೆದ ಕ್ರಮದ ಬಗ್ಗೆ. ನನಗೂ ಹಾಗೇ ಆಯಿತು. ನೀವು ಬಿಟ್ಟದ್ದು ನನ್ನ ಕಿವಿಗಾಗಿ ಅಲ್ಲ ಎಂದು ತಿಳಿದಾಗ ಮೊದಲು ಸಂತೋಷವೇ ಆದದ್ದು.

ಹರಿಹರ

---

ಸಾಗರ
9 ನವೆಂಬರ್ 2024

ಹರಿಹರ ಅವರೇ,

ಮಂಗನ ಹಗ್ಗದ ಕಾಗದ ಬಂದ ದಿನದಿಂದ ನನ್ನ ತಲೆಯಲ್ಲಿ ಬೇರೆ ಏನೂ ಇಲ್ಲ.

ಮಾತು ಕೊಟ್ಟಂತೆ ಹೇರಂಬನಿಗೆ ಕಾರಣ ಹೇಳಲಿಲ್ಲ. ಅಂಗಳದಲ್ಲಿ ನಿಲ್ಲಿಸಿದ ಪಿಕಪ್ಪಿನ ಮೇಲೆ ಅವನನ್ನು ನಿಲ್ಲಿಸಿ, ಸೊಂಟದ ಬೆಲ್ಟಿಗೆ ಎಡಕ್ಕೊಂದು ಬಲಕ್ಕೊಂದು ತೆಳು ಹಗ್ಗ ಕಟ್ಟಿ, ಕೈಗೆ ಟಿವಿ ರಿಮೋಟ್ ಕೊಟ್ಟು, ಆಕಾಶ ನೋಡು ಎಂದೆ. ನಾನು ಅವನ ಹಿಂದೆ ಕೂತೆ. ಎಡ ಹಗ್ಗ ಎಳೆದರೆ ಎಡಕ್ಕೆ ಹೋಗು, ಬಲ ಎಳೆದರೆ ಬಲಕ್ಕೆ, ಎರಡನ್ನೂ ಒಟ್ಟಿಗೆ ಹಿಡಿದೆಳೆದರೆ ಇಳಿಸು. ಹಗ್ಗ ಸಡಿಲವಾಗಿದ್ದರೆ ಎಲ್ಲ ಸರಿಯಾಗಿದೆ. ಅವನು ಪಾಪ ಬಹಳ ಹೊತ್ತು ನಿಂತ. "ಇದೆಂತ, ಎತ್ತು ಹೂಡಿದಾಂಗೆ ಹೂಡಿದ್ದೆ. ಪಕ್ಕದ್ಮನೆಯವು ನೋಡ್ತಾ ಇದ್ದೊ" ಎಂದ. ನೋಡಲಿ ಎಂದೆ. ಹಗ್ಗ ಬೆರಳುಗಳ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಓಡುವಾಗ ತಿರುವಿನಲ್ಲೂ ತಪ್ಪು ಸಂದೇಶ ಹೋಗಲಾರದು, ನಾನು ಸಡಿಲ ಹಿಡಿದಿದ್ದರೆ.

ಉಳಿದದ್ದು ಮರುಕೂಗು. ಅದಕ್ಕೆ ಬಾಯೇ ಯಾಕೆ ಬೇಕು? ನಾನು ಎಳೆದ ಕೂಡಲೇ ನೀವು ಹಿಮ್ಮಡಿಯಿಂದ ಪಿಕಪ್ಪಿನ ತಗಡನ್ನು ಒಮ್ಮೆ ತಟ್ಟಿದರೆ ಸಾಕು. ನನಗೆ ಕೇಳಿಸುತ್ತದೆ, ಹೇರಂಬನಿಗೂ ಕೇಳಿಸುತ್ತದೆ. ನೀವು ಬರೆದ ನಿಯಮದಲ್ಲಿ ಪೈಲಟ್ ಉತ್ತರ ಕೊಡಬೇಕು ಎಂದಿದೆಯೇ ಹೊರತು ಏನಿಂದ ಎಂದಿಲ್ಲ.

ಆದರೆ ಇದನ್ನು ಕದ್ದು ಮಾಡಲಾಗದು. ಹೊಸನಗರದಲ್ಲಿರುವ ಗಿರಿಧರ ಅವರೇ ಈಗ ಬಳಗದ ಕಾರ್ಯದರ್ಶಿ. ಅವರಿಗೆ ಹೇಳಿ ಒಪ್ಪಿಗೆ ಪಡೆಯಬೇಕು. ಹೇಳಲು ನನಗೆ ಅನುಮತಿ ಕೊಡುವಿರಾ? ಗರಿಯನ್ನು ಪುಣೆಯವರಿಗೆ ಕೊಡುವ ಮೊದಲು ಒಂದು ಉತ್ತರ ಬರೆಯಿರಿ.

ವಂದನಾ

---

ಸಾಗರ
20 ಡಿಸೆಂಬರ್ 2024

ಹರಿಹರ ಅವರೇ,

ನಿಮ್ಮಿಂದ ಕಾಗದ ಬಂದಿಲ್ಲ. ಕಂಡಕ್ಟರ್‌ನನ್ನೂ ಕೇಳಿದೆ.

ನಾನು ಅತಿಯಾಗಿ ಮುಂದೆ ಹೋದೆನೇ? ರೋಗಿ ಹಲ್ಲು ತೋರಿಸಲು ಬಂದರೆ ಅದನ್ನು ಕೀಳಲೇಬೇಕು ಎಂದು ಹೊರಡುವುದು ನನ್ನ ವೃತ್ತಿಯ ದೋಷ. ನೀವು ಮರೆಯಲ್ಲಿ ಇಡಲು ಬಯಸಿದ್ದನ್ನು ಬೆಳಕಿಗೆ ತರುವುದು ಉಪಕಾರವೋ ಹಟವೋ ಎಂದು ಯೋಚಿಸುತ್ತಿದ್ದೇನೆ. ನನಗೆ ಮತ್ತೆ ಆ ಪಿಕಪ್ಪಿನಲ್ಲಿ ಕೂರುವ ಆಸೆ ಇದೆ. ನಿಮ್ಮ ಮರ್ಯಾದೆಯನ್ನು ನನ್ನ ಆಸೆಗೆ ಬಳಸಿಕೊಳ್ಳುತ್ತಿಲ್ಲ ಎಂದು ಖಾತ್ರಿಯಾಗಿ ಹೇಳಲಾರೆ.

ಗರಿಯನ್ನು ಕೊಟ್ಟಿದ್ದರೂ ಸರಿ. ಕಾಗದ ಬರೆಯುವುದನ್ನು ನಿಲ್ಲಿಸಬೇಡಿ. ಈ ವರ್ಷ ನನ್ನ ಕನ್ನಡ ಸುಧಾರಿಸಿದ್ದು ನಿಮ್ಮಿಂದ.

ವಂದನಾ

---

ತೀರ್ಥಹಳ್ಳಿ
8 ಜನವರಿ 2025

ಡಾಕ್ಟ್ರಮ್ಮ,

ಹಟವೇ. ಆದರೂ ಉಪಕಾರ.

ನಿಮ್ಮ ನವೆಂಬರಿನ ಕಾಗದ ಓದಿ ನನಗೆ ಸಿಟ್ಟು ಬಂದಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಊರೆದುರು ನಿಲ್ಲಬೇಕೇ ಎಂದು. ಕಾಗದವನ್ನು ಮೀನಾಕ್ಷಿಗೆ ತೋರಿಸಿದೆ, ಅವಳೂ ಸಿಟ್ಟಾಗುತ್ತಾಳೆ ಎಂದುಕೊಂಡು. ಅವಳು ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿ ಚೀಟಿಯ ಮೇಲೆ ಬರೆದು ಕೊಟ್ಟಳು: "ನನ್ನ ಹಗ್ಗಕ್ಕೆ ಇಲ್ಲದ ನಾಚಿಕೆ ಅವರ ಹಗ್ಗಕ್ಕೆ ಯಾಕೆ?" ಆ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗಿದೆ. ಅದಕ್ಕೇ ನಿಮಗೆ ಕಾಗದ ತಡವಾಯಿತು.

ನಿಮಗೆ ಅನುಮತಿ ಕೊಡಲಿಲ್ಲ, ಯಾಕೆಂದರೆ ನನ್ನ ಕಿವಿಯ ಸುದ್ದಿ ನಾನೇ ಹೇಳಬೇಕು. ಮೊನ್ನೆ ಹೊಸನಗರಕ್ಕೆ ಹೋಗಿದ್ದೆ. ಜೊತೆಗೆ ಹರಿಪ್ರಿಯಾ ಬಂದಳು, ಗಿರಿಧರ ಆಡಿದ್ದನ್ನೆಲ್ಲ ಬರೆದುಕೊಂಡಳು. ಅವಳ ಚೀಟಿ ನೋಡಿ ಇಲ್ಲಿ ಇಳಿಸುತ್ತಿದ್ದೇನೆ. ನಾನು ಹೇಳಿದ ಮೇಲೆ ಗಿರಿಧರ ಕನ್ನಡಕ ತೆಗೆದು ಒರೆಸಿದ. "ಅಲ್ಲ ಹರಿಹರಣ್ಣ, ಎರಡು ವರ್ಷದಿಂದ ನಾವು ಏನ್ ಕೇಳಿದ್ರೂ ನೀವು ಹ್ಞೂಂ ಅಂತಿದ್ರಿ. ಎಷ್ಟ್ ಒಳ್ಳೆ ಸ್ವಭಾವ ಬಂದಿದೆ ವಯಸ್ಸಾದ್ ಮೇಲೆ ಅಂತ ನಾವೆಲ್ಲ ಮಾತಾಡ್ಕಂಡಿದ್ವಿ." ಅಲ್ಲೇ ಇದ್ದ ವಿಂಚ್ ನೋಡಿಕೊಳ್ಳುವ ಕನ್ನಪ್ಪ, "ಹಂಗಾದ್ರೆ ನಾನು ಬೈದಿದ್ದು ಒಂದೂ ಕೇಳಿಲ್ವಾ? ಎಲ್ಲಾ ದಂಡ ಆಯ್ತಲ್ಲ ಮಾರಾಯ್ರೇ" ಎಂದನಂತೆ. ಎಷ್ಟೋ ದಿನದ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕೆ.

ಗಿರಿಧರ ಸುಲಭಕ್ಕೆ ಒಪ್ಪಲಿಲ್ಲ. ಬಯಲಿನಲ್ಲಿ ಹರಿಪ್ರಿಯಾ ಹಗ್ಗ ಹಿಡಿದಳು, ಅವನು ಹಿಂದೆ ನಿಂತು ಎಡ ಬಲ ಎಂದು ಅವಳಿಗೆ ಸನ್ನೆ ಮಾಡಿದ, ನಾನು ಹಿಮ್ಮಡಿ ತಟ್ಟಿದೆ. ಅವನು ಒಂದು ಷರತ್ತು ಹಾಕಿದ: ಒಂದು ಎಳೆತಕ್ಕೆ ಉತ್ತರ ಬಾರದಿದ್ದರೂ ಪಿಕಪ್ ನಿಲ್ಲಿಸಬೇಕು, ಗರಿಯನ್ನು ಇಳಿಸಬೇಕು, ಆಮೇಲೆ ನಾನು ಎಂದೂ ಹಾರಿಸಬಾರದು. ಸರಿಯಾದ ಷರತ್ತು. ನಾನಿದ್ದರೂ ಅದನ್ನೇ ಹಾಕುತ್ತಿದ್ದೆ.

ಪುಣೆಯವರಿಗೆ ಈ ವರ್ಷ ಬೇಡ ಎಂದು ತಿಳಿಸಿದ್ದೇನೆ.

ಬೆಲ್ಟನ್ನು ಮೀನಾಕ್ಷಿ ಹೊಲಿಯುತ್ತಿದ್ದಾಳೆ. ಟೋಪಿ ತರುವುದನ್ನು ಮರೆಯಬೇಡಿ.

ಹರಿಹರ

---

ಸಾಗರ
18 ಫೆಬ್ರವರಿ 2025

ಹರಿಹರ ಅವರೇ,

ನೀವು ಅಲ್ಲೇ ಇದ್ದಿರಿ, ನಡೆದದ್ದೆಲ್ಲ ನಿಮಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ. ಒಂದೇ ಪಿಕಪ್ಪಿನಲ್ಲಿ ಇದ್ದರೂ ನೀವು ಇದ್ದದ್ದು ಮೇಲೆ, ನಾನು ಇದ್ದದ್ದು ಕೆಳಗೆ. ನನ್ನ ಕಡೆಯಿಂದ ಅದು ಹೇಗಿತ್ತು ಎಂದು ನಿಮಗೆ ತಿಳಿದಿರಲಾರದು.

ರಿಪ್ಪನ್‌ಪೇಟೆಯ ಬಯಲಿನಲ್ಲಿ ಹಗ್ಗದ ತುದಿಗಳನ್ನು ಸಡಿಲವಾಗಿ ಹಿಡಿದು ಕೂತೆ. ಮೊದಲ ಎಳೆತ, ರಸ್ತೆ ಬದಿಯ ವಿದ್ಯುತ್ ತಂತಿಗೆ. ಎಳೆದು ಕಿವಿಗೊಟ್ಟೆ. ಟಕ್ ಎಂದು ತಗಡಿನ ಸದ್ದು. ಆಮೇಲೆ ದಾರಿಯುದ್ದಕ್ಕೂ ನಾನು ಎಳೆದಾಗಲೆಲ್ಲ ಆ ಸದ್ದು ಬಂತು, ಒಮ್ಮೆಯೂ ತಡವಾಗಲಿಲ್ಲ. ಮೂರು ವರ್ಷ ಕೂಗಿದ್ದಕ್ಕೆಲ್ಲ ಒಟ್ಟಿಗೆ ಉತ್ತರ ಬರುತ್ತಿರುವಂತಿತ್ತು. ಕಣ್ಣು ತುಂಬಿದರೆ ಟ್ಯಾಬ್ ಕಾಣುವುದಿಲ್ಲ ಎಂದು ತಡೆದುಕೊಂಡೆ.

ಹೊಸನಗರದಲ್ಲಿ ತಿರುಗಿ ವಾಪಸ್ ಬರುವಾಗ ಎತ್ತರ ಇಳಿಯತೊಡಗಿತು. ಹೋದ ವರ್ಷ ಗರಿ ಬಿದ್ದ ತೋಪು ಎದುರಿಗೇ ಇತ್ತು. ಎರಡೂ ಹಗ್ಗ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ, ಎಳೆದರೆ ಇಳಿಸುತ್ತೀರಿ, ಓಟ ಅಲ್ಲಿಗೆ ಮುಗಿಯುತ್ತದೆ. ಆಗ ಬಲಗಡೆಯ ದಿಣ್ಣೆಯ ಮೇಲೆ ಯಾರದೋ ದೊಡ್ಡ ಅಂಗಳ ಕಂಡಿತು. ಕೊನೆಯ ಕೊಯ್ಲಿನ ಅಡಿಕೆ ಬೇಯಿಸಿ ಹರಡಿದ್ದರು, ಅಂಗಳ ಪೂರ್ತಿ ಕಡುಗೆಂಪು, ಬಿಸಿಲಿಗೆ ಕಾದು ಬಿಸಿಗಾಳಿ ಏಳುವಂಥದ್ದು. ಆ ಅಂಗಳ ನನಗೆ ಹೊಸದಲ್ಲ. ಅದರ ಪಕ್ಕ ಹಾದುಹೋದಾಗಲೆಲ್ಲ ಎತ್ತರದ ಅಂಕಿ ತುಸು ಮೇಲಕ್ಕೆ ಹೋಗುವುದನ್ನು ಮೂರು ವರ್ಷ ನೋಡಿದ್ದೆ. ಮೇಲೆ ನೋಡಬೇಡ ಎಂದು ನೀವು ಹೇಳಿದ್ದರಿಂದ ಆ ರಸ್ತೆಯ ನೆಲವೆಲ್ಲ ನನಗೆ ಬಾಯಿಪಾಠ. ಎರಡು ಹಗ್ಗದ ಬದಲು ಬಲ ಹಗ್ಗವೊಂದನ್ನೇ ಎಳೆದೆ.

ನಿಮಗೆ ಅಂಗಳ ಕಾಣುತ್ತಿರಲಿಲ್ಲ. ಬಲಕ್ಕೆ ನಿಮಗಿದ್ದದ್ದು ಖಾಲಿ ಆಕಾಶ, ರಸ್ತೆಯಿಂದ ದೂರ. ಯಾಕೆ ಎಂದು ಹೇಳಲು ನನ್ನ ಬಳಿ ಹಗ್ಗದಲ್ಲಿ ಮಾತಿರಲಿಲ್ಲ. ತಪ್ಪಿದ್ದರೆ ಗರಿ ಹೋಯಿತು, ನಿಮ್ಮ ಹಾರಾಟವೂ ಬಹುಶಃ ಅಲ್ಲಿಗೆ ಮುಗಿಯುತ್ತಿತ್ತು. ಟಕ್. ನೀವು ಯೋಚಿಸಲೂ ಇಲ್ಲ. ಅಂಕಿ ನಿಂತಿತು, ಅನುಮಾನಿಸಿತು, ಏರತೊಡಗಿತು. ಹೇರಂಬ ಕಿಟಕಿಯಿಂದ ತಲೆ ಹಾಕಿ, "ಎಂತ ಆತೆ? ಮೇಲೆ ಹೋಗ್ತಾ ಇದ್ದ?" ಎಂದ. ಇದ್ದು ಎಂದೆ. ನೋಡದೆ ನಂಬಿದ ಆ ಟಕ್ಕಿಗೆ ನಾನು ನಿಮಗೆ ಎಂದೆಂದೂ ಋಣಿ.

ಕೊನೆಯ ಭಾಗಕ್ಕೆ ಬರುತ್ತೇನೆ. ಎಲ್ಲರ ಎದುರು ಹೇಳಲಾಗದೆ ಉಳಿದದ್ದು ಅದು. ಗರಿಗೆ ಬೇಕಾದಷ್ಟು ಎತ್ತರ ಸಿಕ್ಕಿತ್ತು, ಇನ್ನು ಬಯಲಿನವರೆಗೆ ಜಾರಿದರೆ ಸಾಕು. ನಾವೇ ಎಲ್ಲರಿಗಿಂತ ಮುಂದಿದ್ದೆವು, ಪೈಪೋಟಿಯ ಮೈಸೂರಿನ ತಂಡ ಹಿಂದೆ ಇತ್ತು. ಆಗ ಹಗ್ಗವನ್ನು ನಿಮ್ಮ ಕಡೆಯಿಂದ ಯಾರೋ ಎಳೆದಂತಾಯಿತು. ರಿಮೋಟಿನಿಂದ ಕೈ ತೆಗೆಯುವಂತಿಲ್ಲವೆಂದು ನೀವು ಸೊಂಟವನ್ನೇ ಮುಂದಕ್ಕೆ ಜಗ್ಗಿದ್ದಿರಿ. ನಿಮ್ಮಿಂದ ನನಗೆ ಸಂದೇಶ ಬರಬಹುದು ಎಂದು ನಾವು ಯಾರೂ ಯೋಚಿಸಿರಲಿಲ್ಲ. ಏನೋ ಅನಾಹುತ ಎಂದುಕೊಂಡು ಕ್ಯಾಬಿನ್ ಬಡಿದೆ. ಹೇರಂಬ ಬ್ರೇಕ್ ಒತ್ತಿದ. "ಎಮ್ಮೆನೂ ಇಲ್ಲೆ, ತಂತಿನೂ ಇಲ್ಲೆ, ಎಂತಕ್ಕೆ ನಿಲ್ಸಿದ್ದು?" ಎಂದು ಅವನು ಕೇಳುತ್ತಿದ್ದರೆ ನೀವು ಕಣ್ಣು ಕೆಳಗಿಳಿಸದೆ, ನಿಮ್ಮ ದನಿ ಎಷ್ಟು ಗಟ್ಟಿ ಎಂದು ನಿಮಗೆ ತಿಳಿಯದೆ, ಇಡೀ ರಸ್ತೆಗೆ ಕೇಳುವಂತೆ ಹೇಳಿದಿರಿ: "ಡಾಕ್ಟ್ರಮ್ಮ, ಈಗ ಮೇಲೆ ನೋಡಿ. ಕೆಳಗೆ ಏನೂ ಇಲ್ಲ."

ನೋಡಿದೆ.

ಅದು ಇಷ್ಟು ನಿಧಾನ ಎಂದು ನಾನು ತಿಳಿದಿರಲಿಲ್ಲ. ಟ್ಯಾಬಿನ ಅಂಕಿಗಳೆಲ್ಲ ಓಡುತ್ತಿರುತ್ತವೆ. ಅದು ಮಾತ್ರ ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಉದ್ದದ ಬಿಳಿ ರೆಕ್ಕೆಯ ಮೂಲಕ ಬಿಸಿಲು ಹಾದು ನೀವು ಒಂದೊಂದಾಗಿ ಅಂಟಿಸಿದ ಕಡ್ಡಿಗಳು ಕಾಣುತ್ತಿದ್ದವು. ಸ್ವಲ್ಪ ಕೆಳಗೆ ಒಂದು ಗರುಡ, ಅದೂ ರೆಕ್ಕೆ ಬಡಿಯದೆ, ಗರಿಯ ಜೊತೆಗೇ ಬಯಲಿನ ಕಡೆ ಜಾರುತ್ತಿತ್ತು. ಮೈಸೂರಿನ ಜೀಪು ನಮ್ಮ ಪಕ್ಕದಿಂದ ದಾಟಿಹೋಯಿತು. ನಾವು ಎರಡನೆಯವರಾದೆವು. ಕನ್ನಪ್ಪ ಈಗಲೂ ಬೈಯುತ್ತಿದ್ದಾನೆ, ಈ ಸಲ ನನಗೆ.

ಮೊದಲ ದಿನ ನೀವು ಹೇಳಿದ್ದು ನಿಜ. ಒಮ್ಮೆ ನೋಡಿದರೆ ಕಣ್ಣು ವಾಪಸ್ ಬರುವುದಿಲ್ಲ. ಹೊರಡೋಣ ಎಂದು ಹೇರಂಬ ಮತ್ತೆ ಮತ್ತೆ ಹಾರ್ನ್ ಹೊಡೆದನಂತೆ. ನಿಮಗೆ ಕೇಳಿಸಿರಲಿಕ್ಕಿಲ್ಲ. ನನಗೂ ಕೇಳಿಸಲಿಲ್ಲ.

ವಂದನಾ